ಖರ್ಚು ಬರೆಯಬೇಡಿ, ಉಳಿದದ್ದು ಎಣಿಸಿ: ಆರು ಜನರ ವಿಯೆಟ್ನಾಂ ಹುಂಡಿ

'ನೀನೇನು ಚೀಟಿ ನಡೆಸ್ತಿದ್ದೀಯಾ?' ಅಂತ ನಕ್ಕವರೇ ಈಗ ಮುಂದಿನ ಟ್ರಿಪ್ಪಿಗೂ ಹುಂಡಿ, ಅಂದರೆ ಎಲ್ಲರೂ ಸೇರಿ ಹಾಕಿದ ಖರ್ಚಿನ ದುಡ್ಡು, ನನ್ನ ಹತ್ತಿರವೇ ಇರಲಿ ಅನ್ನುತ್ತಿದ್ದಾರೆ. ಆರು ಜನ, ಏಳು ರಾತ್ರಿ, ಹನೋಯಿ ಮತ್ತು ಡಾನಾಂಗ್. ವಾಪಸ್ ಬಂದು ಬೆಂಗಳೂರಿನ ಟರ್ಮಿನಲ್ 2ರಲ್ಲಿ ಬ್ಯಾಗಿಗೆ ಕಾಯುವಷ್ಟರಲ್ಲಿ ಲೆಕ್ಕ ಮುಗಿದಿತ್ತು.

ಹಿಂದೆ ಎರಡು ದಾರಿ ಹಿಡಿದು ಕೈ ಸುಟ್ಟುಕೊಂಡಾಗಿತ್ತು. ಮೊದಲನೆಯದು ಲೆಕ್ಕ ಹಂಚುವ ಆ್ಯಪ್. ಐದು ದಿನಕ್ಕೆ ನೂರಮೂವತ್ತು ಎಂಟ್ರಿ ಬಿದ್ದವು. ಒಬ್ಬ ರೂಪಾಯಿಯಲ್ಲಿ ಹಾಕಿದ, ಇನ್ನೊಬ್ಬ ಅಲ್ಲಿನ ಕರೆನ್ಸಿಯಲ್ಲಿ, ಮೂರನೆಯವನು ಊರಿಗೆ ಬಂದ ಮೇಲೆ ನೆನಪಿದ್ದಷ್ಟು. ಚುಕ್ತಾ ಆಗಲು ನಾಲ್ಕು ತಿಂಗಳು ಹಿಡಿಯಿತು. ಎರಡನೆಯದು, ಒಬ್ಬನ ಕ್ರೆಡಿಟ್ ಕಾರ್ಡಿನಲ್ಲೇ ಎಲ್ಲವನ್ನೂ ಉಜ್ಜುವುದು. ಮಾಮೂಲಿ ಕಾರ್ಡು ಪರದೇಶದಲ್ಲಿ ಶೇ. 3.5ರ ಆಸುಪಾಸು ಮಾರ್ಕಪ್ (ಕರೆನ್ಸಿ ಬದಲಾಯಿಸುವ ಶುಲ್ಕ) ಕೀಳುತ್ತದೆ, ಅದರ ಮೇಲೆ ಜಿಎಸ್‌ಟಿ. ಬಿಲ್ ಹಂಚಿಕೊಳ್ಳುವಾಗ ಈ ಮಾರ್ಕಪ್ ಯಾರ ತಲೆಗೂ ಬರುವುದಿಲ್ಲ, ಕಾರ್ಡಿನವನ ತಲೆಗೇ. ಅವನಿಗೆ ಹೋದದ್ದು ಆರೇಳು ಸಾವಿರ.

ಈ ಸಲ ದುಡ್ಡು ಮೂರು ಕಡೆ. ಟಿಕೆಟ್, ವೀಸಾ ಅವರವರದ್ದೇ ಕಾರ್ಡಿನಲ್ಲಿ, ಯಾರಾದರೂ ಕೈಕೊಟ್ಟರೆ ನಷ್ಟ ಅವರಿಗೇ. ಹೋಟೆಲ್ ಒಬ್ಬನ ಹೆಸರಲ್ಲಿ, ಫ್ರೀ ಕ್ಯಾನ್ಸಲೇಷನ್ ಇರುವುದು ಮಾತ್ರ; ತಲೆಗೆ ಹತ್ತೂವರೆ ಸಾವಿರ ಹೊರಡುವ ಮೊದಲೇ ವಸೂಲಿ. ಮೂರನೆಯದು ಹುಂಡಿ: ತಲೆಗೆ 300 ಡಾಲರ್, ನಗದು.

ಡಾಲರ್ ಅವರವರ ಪಾಸ್‌ಪೋರ್ಟ್ ಮೇಲೆ ಅವರವರೇ ಕೊಳ್ಳಬೇಕು. ಐವತ್ತು ಸಾವಿರ ರೂಪಾಯಿ ಮೀರಿದರೆ ಫಾರೆಕ್ಸ್ ಅಂಗಡಿಯವರು ಕ್ಯಾಶ್ ಮುಟ್ಟುವಂತಿಲ್ಲ, ಆದ್ದರಿಂದ 'ನೀನೇ ಎಲ್ಲರದ್ದೂ ತಗೊಂಬಿಡು' ಅನ್ನುವ ಮಾತಿಗೆ ಸೊಪ್ಪು ಹಾಕಬೇಡಿ. ಹೊಸ ನೂರರ ನೋಟನ್ನೇ ಕೇಳಿ. ಮಡಚಿದ, ಗೀಚಿದ ನೋಟಿಗೆ ಅಲ್ಲಿ ಮೂಗು ಮುರಿಯುತ್ತಾರೆ, ಹತ್ತು-ಇಪ್ಪತ್ತರ ನೋಟಿಗೆ ರೇಟೂ ಕಮ್ಮಿ.

1,800 ಡಾಲರಿಗೆ ಸಿಕ್ಕಿದ್ದು ಸುಮಾರು 4.7 ಕೋಟಿ ಡಾಂಗ್. ಕೋಟಿ ಅಂತ ಹಿಗ್ಗಬೇಡಿ, ಒಂದು ಲಕ್ಷ ಡಾಂಗ್ ಅಂದರೆ ಆಗ ನಮ್ಮ ಮುನ್ನೂರ ಮೂವತ್ತು ಚಿಲ್ಲರೆ ರೂಪಾಯಿ. ಮೊದಲ ರಾತ್ರಿಯೇ ಕವರ್ ಮಾಡಿಟ್ಟದ್ದು ಹೀಗೆ: ದಿನಕ್ಕೆ 40 ಲಕ್ಷದ ಏಳು ಕವರ್, ಹಾ ಲಾಂಗ್ ಕೊಲ್ಲಿಯ ಬೋಟು, ಬಾ ನಾ ಬೆಟ್ಟದ ಟಿಕೆಟ್ಟು ಇತ್ಯಾದಿಗೆ 1.5 ಕೋಟಿಯದ್ದೊಂದು, ಮಿಕ್ಕ ನಲವತ್ತು ಲಕ್ಷ ಆಪತ್ತಿಗೆ. ದಿನದ ಕವರಿನಲ್ಲಿ ಊಟ, ಕಾಫಿ, ನೀರು, ಗ್ರ್ಯಾಬ್ ಟ್ಯಾಕ್ಸಿ ಬರುತ್ತವೆ. ಬಿಯರ್, ಮಸಾಜ್, ಶಾಪಿಂಗ್ ಬರುವುದಿಲ್ಲ. ವೆಜ್ಜು ಕಮ್ಮಿ, ನಾನ್‌ವೆಜ್ಜು ಜಾಸ್ತಿ ಎಂಬ ತಕರಾರಿಗೆ ನಾನು ಕಿವಿಗೊಡಲಿಲ್ಲ, ಊಟ ಊಟವೇ. ಕವರ್ ಸಂಜೆಗೇ ಖಾಲಿಯಾದರೆ ರಾತ್ರಿಗೆ ರಸ್ತೆ ಬದಿಯ ಬಾನ್ ಮೀ, ಅಂದರೆ ಅಲ್ಲಿನ ಬ್ರೆಡ್ ಸ್ಯಾಂಡ್‌ವಿಚ್. ಎರಡು ದಿನ ಹಾಗೇ ಆಯಿತು.

ಇನ್ನು ಲೆಕ್ಕದ ವಿಷಯ. ದಿನವಿಡೀ ಒಂದು ಖರ್ಚನ್ನೂ ಬರೆಯಲಿಲ್ಲ. ರಾತ್ರಿ ಕವರಿನಲ್ಲಿ ಉಳಿದದ್ದನ್ನು ಎಣಿಸಿ, ಒಂದೇ ಸಾಲು: ಬೆಳಿಗ್ಗೆ 40 ಲಕ್ಷ, ಈಗ 6 ಲಕ್ಷ 20 ಸಾವಿರ. ಮಿಕ್ಕಿದ್ದು ನಾಳೆಯ ಕವರಿಗೆ. ಕಾಫಿಗೆಷ್ಟು, ಟ್ಯಾಕ್ಸಿಗೆಷ್ಟು ಅಂತ ತಿಳಿದು ಯಾರಿಗೇನಾಗಬೇಕು? ಏಳು ದಿನಕ್ಕೆ ಏಳು ಸಾಲು. ಈ ಪದ್ಧತಿ ನಡೆದದ್ದೇ ಇದರಿಂದ.

ಹುಂಡಿ ಹೊರುವವನು ಒಬ್ಬ, ರಾತ್ರಿ ಎಣಿಸುವವನು ಇನ್ನೊಬ್ಬ. ದಿನಕ್ಕೊಬ್ಬರಂತೆ ಹೊರುವುದನ್ನೂ ಮಾಡಿ ನೋಡಿದೆ, ಎರಡನೇ ದಿನಕ್ಕೇ ಕೆಟ್ಟಿತು. ಕೈ ಬದಲಾಯಿಸುವಾಗ ಎಣಿಸದೆ ಕೊಟ್ಟರೆ ಮುಗಿಯಿತು. ಹುಂಡಿಯಿಂದ ಕೈಸಾಲವೂ ಬೇಡ. ಚೀಟಿ ಬರೆದು ಹಾಕುತ್ತೇನೆ ಅನ್ನುತ್ತಾರೆ, ಚೀಟಿ ಸಿಗುವುದಿಲ್ಲ.

ಕಳೆದುಕೊಂಡದ್ದು ಒಂದೇ ಕಡೆ. ವಿಯೆಟ್ನಾಮಿನ 20 ಸಾವಿರದ ನೋಟೂ ನೀಲಿ, 5 ಲಕ್ಷದ್ದೂ ನೀಲಿ, ಎರಡೂ ಪ್ಲಾಸ್ಟಿಕ್. ಮಬ್ಬುಗತ್ತಲೆಯ ಟ್ಯಾಕ್ಸಿಯಲ್ಲಿ ಒಂದರ ಬದಲು ಇನ್ನೊಂದು ಹೋದರೆ ಸಾವಿರದ ಆರುನೂರು ರೂಪಾಯಿ ಮಣ್ಣುಪಾಲು. ಆಮೇಲೆ 5 ಲಕ್ಷದ ನೋಟುಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ ಹಾಕಿ ಬೇರೆ ಜೇಬಿಗೆ ಸೇರಿಸಿದೆ. ಎಟಿಎಂ ಮುಟ್ಟಬೇಕಾಗಿ ಬಂದರೆ 'ರೂಪಾಯಿಗೆ ಪರಿವರ್ತಿಸಲೇ' ಅಂತ ಪರದೆ ಕೇಳುತ್ತದೆ. ಬೇಡ ಅನ್ನಿ, ಡಾಂಗಿನಲ್ಲೇ ಕಡಿತವಾಗಲಿ. ಆ ಪರಿವರ್ತನೆಯ ರೇಟು ಯಾವಾಗಲೂ ಅವರ ಕಡೆಗೇ ವಾಲಿರುತ್ತದೆ.

ವೀಸಾ ಬಗ್ಗೆ ಒಂದೇ ಎಚ್ಚರಿಕೆ. ಇ-ವೀಸಾ 25 ಡಾಲರ್, ತಪ್ಪಾದರೆ ವಾಪಸ್ ಬರುವುದಿಲ್ಲ. ಇನಿಷಿಯಲ್ ಬಿಡಿಸಿ ಬರೆದ ಹೆಸರು, ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟ್ ನಮ್ಮಲ್ಲಿ ಮನೆಗೊಂದು. ಫಾರಂ ತುಂಬುವಾಗ ಆಧಾರ್ ನೋಡಬೇಡಿ, ಪಾಸ್‌ಪೋರ್ಟ್ ಪುಟದ ಬುಡದಲ್ಲಿರುವ ಎರಡು ಸಾಲು ನೋಡಿ. ನಮ್ಮಲ್ಲೊಬ್ಬನ ತಂದೆ ಹೆಸರು ಹಿಂದುಮುಂದಾಗಿ ಇನ್ನೊಂದು 25 ಡಾಲರ್ ಹೋಯಿತು.

ನಡುವೆ ಒಂದು ಅಡುಗೆ ಪ್ರಯೋಗ. ಹೋಟೆಲ್ ಕೆಟಲಿನಲ್ಲಿ ಉಪ್ಪಿಟ್ಟು ಮಾಡಲು ಹೋಗಬೇಡಿ, ರವೆ ತಳ ಹಿಡಿದು ಕೆಟಲಿನ ದಂಡ ಕಟ್ಟಬೇಕಾಗುತ್ತದೆ. ಗಾಂಧಿಬಜಾರಿನ ಕಾಂಡಿಮೆಂಟ್ಸಿನಲ್ಲಿ ಸಿಗುವ ಗೊಜ್ಜವಲಕ್ಕಿ ಮಿಕ್ಸ್ ಸರಿ: ಒಂದು ಲೋಟಕ್ಕೆ ಮುಕ್ಕಾಲು ಲೋಟ ಬಿಸಿನೀರು, ಹತ್ತು ನಿಮಿಷ ಮುಚ್ಚಿಟ್ಟರೆ ಆಯಿತು. ಪುಳಿಯೋಗರೆ ಗೊಜ್ಜು ಚೆಕ್‌ಇನ್ ಬ್ಯಾಗಿಗೆ, ಪವರ್‌ಬ್ಯಾಂಕ್ ಕೈಚೀಲಕ್ಕೆ. ಕೊಬ್ಬರಿ ಗಿಟುಕು ಮನೆಯಲ್ಲೇ ಇರಲಿ, ವಿಮಾನದ ಲೆಕ್ಕದಲ್ಲಿ ಅದು ಬೆಂಕಿ ಹತ್ತುವ ಸಾಮಾನು. ಸಸ್ಯಾಹಾರಿಗಳು 'ಚಾಯ್' ಎಂಬ ಬೋರ್ಡು ಹುಡುಕಬೇಕು. ಅಲ್ಲಿನ ಬೌದ್ಧರು ಚಾಂದ್ರಮಾನ ತಿಂಗಳ 1 ಮತ್ತು 15ಕ್ಕೆ ಸಸ್ಯಾಹಾರ ಮಾಡುವುದರಿಂದ ಅಂಥ ಹೋಟೆಲುಗಳಿಗೆ ಬರವಿಲ್ಲ. ಬೇರೆ ಕಡೆ ಬರೀ ಸೊಪ್ಪಿನ ಪಲ್ಯ ಕೇಳಿದರೂ ಮೀನಿನ ಸಾಸ್ ಬಿದ್ದಿರುತ್ತದೆ.

ಒಬ್ಬನ ಸಿಮ್‌ನಲ್ಲಿ ಆರು ಜನಕ್ಕೆ ಹಾಟ್‌ಸ್ಪಾಟ್ ಹಂಚುವ ಉಳಿತಾಯವನ್ನೂ ಮಾಡಿ ನೋಡಿದೆ. ಗುಂಪು ಎರಡಾದ ಕೂಡಲೇ ಅರ್ಧ ಜನ ನಾಪತ್ತೆ. ಕನಿಷ್ಠ ಮೂರು ಸಿಮ್ ಬೇಕು.

ಕೊನೆಗೆ ಉಳಿದದ್ದು 38 ಲಕ್ಷ ಡಾಂಗ್, ತಲೆಗೆ ಎರಡು ಸಾವಿರದ ನೂರು ರೂಪಾಯಿ ವಾಪಸ್. ಟಿಕೆಟ್ಟು, ಹೋಟೆಲ್ಲು ಎಲ್ಲಾ ಸೇರಿ ಒಬ್ಬೊಬ್ಬರಿಗೆ ಬಿದ್ದದ್ದು ಎಪ್ಪತ್ತು ಸಾವಿರದ ಒಳಗೆ. ಮೂರು ರೂಮಿನಲ್ಲಿ ಗೊರಕೆಯವರನ್ನು ಜಗಳವಿಲ್ಲದೆ ಹಂಚಿದ್ದು ಹೇಗೆ ಅಂತ ಮಾತ್ರ ಬರೆಯುವುದಿಲ್ಲ. ನಮ್ಮವರೂ ಇದನ್ನು ಓದುತ್ತಾರೆ, ಮುಂದಿನ ಸಲವೂ ಅದೇ ಉಪಾಯ ಬೇಕು.