ಇಂಗ್ಲಿಷಿನಲ್ಲೂ ಗದಗ-ಬೆಂಗಳೂರು ಇವೆ

ಗದಗ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಬಾಯಿ ಬಿಡದಿರುವುದಕ್ಕೆ ಶಬ್ದ ಗೊತ್ತಿಲ್ಲದಿರುವುದು ಅರ್ಧ ಕಾರಣ. ಇನ್ನರ್ಧ, ಯಾರಾದರೂ ನಕ್ಕಾರು ಎಂಬ ಅಂಜಿಕೆ. ಈ ಅಂಜಿಕೆ ಇಂಗ್ಲಿಷಿನಿಂದ ಬಂದದ್ದಲ್ಲ. ಬೆಂಗಳೂರಿಗೆ ದುಡಿಯಲು ಹೋದ ಅಣ್ಣನ ಮಾತಿಗೆ ಅಲ್ಲಿಯವರು ನಕ್ಕಿದ್ದನ್ನು ಅವರು ಮನೆಯಲ್ಲಿ ಕೇಳಿದ್ದಾರೆ. ಅದಕ್ಕೇ ಒಂಬತ್ತನೇ ತರಗತಿಗೆ ಇಂಗ್ಲಿಷಿನ ಉಪಭಾಷೆಗಳ, ಅಂದರೆ ಬೇರೆ ಬೇರೆ ಜನರ ಆಡುಮಾತುಗಳ, ಪಾಠ ಮಾಡಲು ಹೊರಟಾಗ ಕನ್ನಡದಿಂದಲೇ ಶುರು ಮಾಡಿದೆ.

ಹಲಗೆಯ ಮೇಲೆ ಎರಡು ವಾಕ್ಯ ಬರೆದೆ: ‘ಅಂವ ದುಡೀತಾನ’, ‘ಅಂವ ದುಡ್ಯಾಕತ್ತಾನ’. ಏನು ಫರಕು ಎಂದು ಕೇಳಿದೆ. ‘ಮೊದಲನೇದು ದಿನಾ ದುಡಿಯೋದ್ರಿ, ಎರಡನೇದು ಈಗ ನಡದದ್ದು’ ಎಂದ ಹಿಂದಿನ ಬೆಂಚಿನ ಹುಡುಗ. ‘ಈಗ ಹೊರಗ ನೋಡ, ಅಂವ ದುಡೀತಾನ’ ಅಂದರೆ ನಡೆಯುತ್ತದೆಯೇ? ‘ಇಲ್ರೀ’ ಎಂದು ಇಡೀ ವರ್ಗ ಕೂಗಿತು. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಪುಸ್ತಕದ ಕನ್ನಡವಲ್ಲ ಅನ್ನಿಸಿಕೊಳ್ಳುವ ಮಾತಿಗೂ ಕಟ್ಟುನಿಟ್ಟಾದ ನಿಯಮವಿದೆ ಎಂಬುದು ಆ ಒಂದು ‘ಇಲ್ರೀ’ಯಲ್ಲಿ ಅವರಿಗೇ ಗೊತ್ತಾಯಿತು.

ಅದರ ಕೆಳಗೆ ಅಮೆರಿಕದ ಕಪ್ಪು ಜನರ ಇಂಗ್ಲಿಷಿನ ಎರಡು ವಾಕ್ಯ ಬರೆದೆ: ‘ಹಿ ಬಿ ವರ್ಕಿಂಗ್’, ‘ಹಿ ವರ್ಕಿಂಗ್’. ಮೊದಲನೆಯದು ದುಡೀತಾನ, ಎರಡನೆಯದು ದುಡ್ಯಾಕತ್ತಾನ. ನಮ್ಮ ವ್ಯಾಕರಣ ಪುಸ್ತಕದ ಪ್ರಕಾರ ಎರಡೂ ತಪ್ಪು. ಆದರೆ ಈ ಕ್ಷಣ ನಡೆಯುತ್ತಿರುವ ಕೆಲಸಕ್ಕೆ ‘ಹಿ ಬಿ ವರ್ಕಿಂಗ್’ ಎಂದರೆ ಆ ಭಾಷೆಯವರೂ ಒಪ್ಪುವುದಿಲ್ಲ. ಅವರಲ್ಲಿ ‘ಶಿ ಮೈ ಸಿಸ್ಟರ್’ ಎಂದೂ ಹೇಳುತ್ತಾರೆ, ‘ಈಸ್’ ಇಲ್ಲದೆ. ‘ಅಕಿ ನಮ್ಮಕ್ಕ’ ಎನ್ನುವಾಗ ನಾವು ಯಾವ ಕ್ರಿಯಾಪದ ಹಾಕುತ್ತೇವೆ? ವಿಲಿಯಂ ಲಬೋವ್ ಎಂಬ ಭಾಷಾಶಾಸ್ತ್ರಜ್ಞರು 1969ರಲ್ಲಿ ಇದರ ನಿಯಮವನ್ನು ಬಿಡಿಸಿ ತೋರಿಸಿದರು: ‘ಶಿ ಈಸ್’ ಎಂಬುದನ್ನು ‘ಶೀಸ್’ ಎಂದು ಮೊಟಕು ಮಾಡಲು ಬರುವ ಕಡೆ ಮಾತ್ರ ‘ಈಸ್’ ಬಿಡಲು ಬರುತ್ತದೆ. ‘ಐ ನೋ ಹೂ ಶಿ ಈಸ್’ ಎಂಬಲ್ಲಿ ಕೊನೆಯ ‘ಈಸ್’ ಬಿಡುವಂತಿಲ್ಲ.

ಇಲ್ಲಿ ಶಿಕ್ಷಕರು ಒಂದು ವಿಷಯ ಸ್ಪಷ್ಟವಾಗಿ ಹೇಳಲೇಬೇಕು. ನಮ್ಮ ಹುಡುಗಿ ಪರೀಕ್ಷೆಯಲ್ಲಿ ‘ಶಿ ಮೈ ಸಿಸ್ಟರ್’ ಎಂದು ಬರೆದರೆ ಅದು ಉಪಭಾಷೆಯಲ್ಲ, ಕನ್ನಡದ ಅಚ್ಚಿನಲ್ಲಿ ಇಂಗ್ಲಿಷ್ ಬಂದದ್ದು, ಕಲಿಕೆಯ ಒಂದು ಹಂತ. ಅದನ್ನು ತಿದ್ದುತ್ತೇನೆ, ಅಂಕವನ್ನೂ ಕಳೆಯುತ್ತೇನೆ. ನಗುವುದಕ್ಕೆ ಮಾತ್ರ ಯಾರಿಗೂ ಬಿಡುವುದಿಲ್ಲ.

ಮಕ್ಕಳಿಗೆ ಬಹಳ ಹಿಡಿಸಿದ್ದು ಲಬೋವರ ಅಂಗಡಿ ಪ್ರಯೋಗ. 1962ರಲ್ಲಿ ಅವರು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋದರು. ಒಂದು ಸಿರಿವಂತರದು, ಒಂದು ಮಧ್ಯಮ ವರ್ಗದ್ದು, ಒಂದು ಅಗ್ಗದ್ದು. ನಾಲ್ಕನೇ ಮಹಡಿಯಲ್ಲಿರುವ ಯಾವುದೋ ಸಾಮಾನು ಎಲ್ಲಿದೆ ಎಂದು ಕೆಲಸಗಾರರನ್ನು ಕೇಳುವುದು. ಅವರು ‘ಫೋರ್ತ್ ಫ್ಲೋರ್’ ಎಂದಾಗ ರಕಾರ ಕೇಳುತ್ತದೋ ಇಲ್ಲವೋ ಗಮನಿಸುವುದು. ಕಿವಿ ಕೇಳಿಸದವರಂತೆ ಇನ್ನೊಮ್ಮೆ ಹೇಳಿಸುವುದು. ದುಬಾರಿ ಅಂಗಡಿಯಲ್ಲಿ ರಕಾರ ಹೆಚ್ಚು ಕೇಳಿತು, ಅಗ್ಗದ ಅಂಗಡಿಯಲ್ಲಿ ಕಡಿಮೆ. ನಮ್ಮ ಮಕ್ಕಳು ಮೂರು ಬೆಂಚುಗಳನ್ನೇ ಮೂರು ಅಂಗಡಿ ಮಾಡಿ ಇದನ್ನು ನಾಟಕದಂತೆ ಆಡಿದರು.

ಆಟ ಮುಗಿದ ಮೇಲೆ ಲಂಡನ್ನಿನ ವಿಷಯ ಹೇಳಿದೆ. ಅಲ್ಲಿ ದೊಡ್ಡ ಮನೆತನದವರೇ ‘ಫೋತ್ ಫ್ಲೋ’ ಎನ್ನುತ್ತಾರೆ, ಅದೇ ಗೌರವದ ಉಚ್ಚಾರ. ಸ್ವಲ್ಪ ಹೊತ್ತು ಸುಮ್ಮನಿದ್ದ ಒಬ್ಬ ಹುಡುಗಿ ಕೇಳಿದಳು: ‘ಟೀಚರ್ರೀ, ಅದೇ ಮಾತು ಅಲ್ಲಿ ಛಲೋ, ಇಲ್ಲಿ ಹಲ್ಕಾ ಹೆಂಗ್ರೀ ಆಕ್ಕೈತಿ?’ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ನಾನು ಪಾಠಯೋಜನೆಯಲ್ಲಿ ಬರೆದುಕೊಂಡಿರಲಿಲ್ಲ. ರಕಾರ ಬಿಡುವುದರಲ್ಲೇ ದೋಷವಿದ್ದರೆ ಎರಡೂ ಊರಲ್ಲಿ ಇರಬೇಕಿತ್ತಲ್ಲ. ಜನ ಅಳೆಯುವುದು ಆಡುವವರ ದುಡ್ಡನ್ನು, ಕುಲವನ್ನು. ಹೆಸರು ಮಾತ್ರ ಮಾತಿನದು.

ಪಾಠದ ಕಷ್ಟದ ಭಾಗ ಬಂದದ್ದು ಆಮೇಲೆ. ನಮ್ಮ ಶಾಲೆಗೆ ತಾಂಡಾದ ಮಕ್ಕಳೂ ಬರುತ್ತಾರೆ. ಬೆಂಗಳೂರಿನವರು ನಕ್ಕರೆಂದು ಸಿಟ್ಟಾಗುವ ಮಕ್ಕಳೇ ಲಂಬಾಣಿ ಹುಡುಗಿಯ ಕನ್ನಡಕ್ಕೆ ಕಿಸಕ್ಕೆಂದು ನಗುತ್ತಾರೆ. ಹಾಗಾಗಿ ಹಲಗೆಯ ಕೆಲಸವನ್ನು ಆಕೆಗೇ ಬಿಟ್ಟೆ. ಲಂಬಾಣಿಗೆ ಸ್ವಂತ ಲಿಪಿಯಿಲ್ಲ. ಕನ್ನಡದಲ್ಲೇ ‘ಯಾಡಿ’ ಎಂದು ಬರೆದು, ಅವ್ವ ಎಂದು ಅರ್ಥ ಹೇಳಿದಳು. ಆಮೇಲೆ ಒಂದೊಂದೇ ವಾಕ್ಯ ಹೇಳಿ ಉಳಿದವರಿಂದ ಹೇಳಿಸಿದಳು. ತಪ್ಪಿದವರನ್ನು ತಿದ್ದಿದಳು, ದನಿ ಏರಿಸದೆ. ಮನೆಯಲ್ಲೊಂದು, ಓಣಿಯಲ್ಲೊಂದು, ಪುಸ್ತಕದಲ್ಲೊಂದು ಎಂದು ಮೂರು ಭಾಷೆ ಹೊರುವವಳು ದಡ್ಡಿ ಹೇಗಾಗುತ್ತಾಳೆ ಎಂದು ನಾನು ಕೇಳಿದೆ. ನಗು ಅವತ್ತೇ ನಿಂತಿತು ಎನ್ನಲಾರೆ. ಆದರೆ ಯಾರಾದರೂ ನಕ್ಕರೆ ಪಕ್ಕದವರೇ ಸುಮ್ಮನಿರಿಸುತ್ತಾರೆ.

‘ಇದೆಲ್ಲಾ ಪರೀಕ್ಷಾಕ ಬರೂದಿಲ್ಲಲ್ರೀ’ ಎಂದರು ಒಬ್ಬ ಸಹೋದ್ಯೋಗಿ. ಬರುವುದಿಲ್ಲ, ನಿಜ. ಆದರೆ ಇದು ಶಾಲೆಯ ಹೊಣೆಯಲ್ಲ ಎಂದು ನಾನು ಒಪ್ಪಲಾರೆ. ಅಮೆರಿಕದ ಆ್ಯನ್ ಆರ್ಬರ್‌ನಲ್ಲಿ ಕಪ್ಪು ಮಕ್ಕಳ ಪೋಷಕರು ಕೋರ್ಟಿಗೆ ಹೋದಾಗ, ಮಕ್ಕಳ ಮನೆಮಾತನ್ನು ಲೆಕ್ಕಕ್ಕೆ ತೆಗೆದುಕೊಂಡು ಓದು ಕಲಿಸಬೇಕೆಂದು ನ್ಯಾಯಾಧೀಶರು 1979ರಲ್ಲಿ ತೀರ್ಪು ಕೊಟ್ಟರು. ಅಷ್ಟು ದೂರ ಯಾಕೆ, ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡ ಸೀಮೆಯಲ್ಲಿ ಒಂದು ಕಾಲಕ್ಕೆ ಮರಾಠಿಯೇ ಓದಿದವರ ಭಾಷೆ, ಕನ್ನಡಕ್ಕೆ ಬೆಲೆಯಿಲ್ಲ. ಶಿಕ್ಷಣ ಇಲಾಖೆಯಲ್ಲಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ಸವೆದದ್ದು, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಆ ಅವಮಾನದ ಎದುರಿಗೇ.

ಮಾಡಿ ನೋಡುವ ಶಿಕ್ಷಕರು ಜೂನ್‌ನಲ್ಲೇ, ವ್ಯಾಕರಣ ಶುರುವಾಗುವ ಮೊದಲೇ ಮಾಡಿ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆಸಿ ಎಡಕ್ಕೆ ಮನೆಯ ಮಾತು, ಬಲಕ್ಕೆ ಪರೀಕ್ಷೆಯ ಮಾತು ಬರೆಸಿ. ಎಡಗಡೆಯದಕ್ಕೆ ಕೆಂಪು ಪೆನ್ನು ಹಚ್ಚಬೇಡಿ. ಅಂಗಡಿ ನಾಟಕಕ್ಕೆ ಬೇರೆ ಸಾಮಾನು ಬೇಕಿಲ್ಲ, ಮೂರು ಬೆಂಚು ಸಾಕು.