ಹಳೇ ಡಿಸ್ಕ್ ಮುಟ್ಟದೆ ಲಿನಕ್ಸ್‌ಗೆ: ನಾನು ಅನುಸರಿಸುವ ಕ್ರಮ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು, ಇಂಟೆಲ್‌ನ ಏಳನೇ ತಲೆಮಾರಿನವರೆಗಿನ ಬಹುತೇಕ ಪ್ರೊಸೆಸರ್‌ಗಳು ಅದರ ಪಟ್ಟಿಯಲ್ಲೇ ಇಲ್ಲ. ಇಂಥ ಯಂತ್ರಗಳಿಗೆ ನಾನು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕುತ್ತೇನೆ. ಅದಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕೆನ್ನುತ್ತಾರೆ, ಆದರೆ ಬ್ರೌಸರ್ ತೆರೆದು ಕೆಲಸ ಮಾಡಲು 4 ಜಿಬಿ ಬೇಕು. ಯಂತ್ರ ತೀರಾ ಹಳೆಯದಾದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ.

ಹಿಂಜರಿಯುವವರ ಭಯ ಸುಮ್ಮನೆ ಹುಟ್ಟಿದ್ದಲ್ಲ. ಫೈಲು ಹೋದರೆ, ಪ್ರಿಂಟರ್ ಕೈಕೊಟ್ಟರೆ, ಕನ್ನಡ ಟೈಪಿಸುವ ‘ನುಡಿ’ ತಂತ್ರಾಂಶ ಇಲ್ಲದಿದ್ದರೆ ಮರುದಿನದ ಕೆಲಸ ನಿಲ್ಲುತ್ತದೆ. ಧೈರ್ಯ ಹೇಳುವುದಕ್ಕಿಂತ ವಾಪಸ್ ಬರುವ ದಾರಿ ಇಟ್ಟುಕೊಡುವುದು ಮೇಲು. ಹಾಗಾಗಿ ಒಂದೇ ಡಿಸ್ಕಿನಲ್ಲಿ ಎರಡೂ ಸಿಸ್ಟಂ ಇಡುವ ಡ್ಯುಯಲ್ ಬೂಟ್‌ನ ಗೋಜಿಗೆ ನಾನು ಹೋಗುವುದಿಲ್ಲ. ಫೈಲು ಕಳೆದುಹೋಗುವ ಅಪಾಯವಿರುವುದು ಅದಕ್ಕೆ ಜಾಗ ಮಾಡಲು ವಿಂಡೋಸ್‌ನ ಪಾರ್ಟಿಷನ್ (ಡಿಸ್ಕಿನ ಭಾಗ) ಕುಗ್ಗಿಸುವಾಗಲೇ. 240 ಜಿಬಿಯ ಹೊಸ ಸಾಟಾ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಇರುವ ಹಳೇ ಡಿಸ್ಕನ್ನು ಬಿಚ್ಚಿ ಎತ್ತಿಡುತ್ತೇನೆ. ಏನಾದರೂ ಕೆಟ್ಟರೆ ಅದನ್ನೇ ಮತ್ತೆ ಜೋಡಿಸಿದರಾಯಿತು.

ಬಿಚ್ಚುವ ಮೊದಲು ಎರಡು ಕೆಲಸ. ಪವರ್ ಆಪ್ಷನ್ಸ್‌ನಲ್ಲಿ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ ಪೂರ್ತಿ ಶಟ್‌ಡೌನ್ ಮಾಡಬೇಕು. ಮಾಡದಿದ್ದರೆ ವಿಂಡೋಸ್ ಪೂರ್ತಿ ಮುಚ್ಚದೆ ಅರ್ಧ ಹೈಬರ್ನೇಟ್ ಆಗಿ ಉಳಿಯುತ್ತದೆ. ಆಮೇಲೆ ಯುಎಸ್‌ಬಿ ಕೇಬಲ್ಲಿನಲ್ಲಿ ಆ ಡಿಸ್ಕನ್ನು ಲಿನಕ್ಸ್‌ಗೆ ಜೋಡಿಸಿದಾಗ ಫೈಲು ಓದಬಹುದೇ ಹೊರತು ಬರೆಯಲಾಗದು. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಬೇಕು.

ಡಿಸ್ಕ್ ಬದಲಿಸುವ ಮುಂಚೆಯೇ, ವಿಂಡೋಸ್‌ನಲ್ಲಿರುವಾಗಲೇ ಲಿಬ್ರೆಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ ಹಾಕಿ ಕೆಲವು ವಾರ ಅವುಗಳಲ್ಲೇ ಕೆಲಸ ಮಾಡಿಸುತ್ತೇನೆ. ಜನ ತಡವರಿಸುವುದು ಈ ಪ್ರೋಗ್ರಾಂಗಳಲ್ಲೇ. ಆಪರೇಟಿಂಗ್ ಸಿಸ್ಟಂ ಬದಲಾದದ್ದು ಆಮೇಲೆ ಅಷ್ಟಾಗಿ ಕಾಡುವುದಿಲ್ಲ. ಡಾಕ್ಸ್ ಫೈಲಿನಲ್ಲಿ ಕ್ಯಾಲಿಬ್ರಿ ಫಾಂಟ್ ಇದ್ದರೆ ಅದರ ಬದಲಿ ಫಾಂಟ್ ಕಾರ್ಲಿಟೋ ಅದೇ ಅಳತೆಯಲ್ಲಿ ಕೂರುತ್ತದೆ. ಕನ್ನಡಕ್ಕೆ ಬಳಸುವ ತುಂಗಾ, ನಿರ್ಮಲಾ ಯುಐ ಫಾಂಟ್‌ಗಳಿಗೆ ಅಂಥ ಬದಲಿ ಇಲ್ಲ, ಪುಟಗಳು ಸರಿಯುತ್ತವೆ. ಹೊರಗೆ ಕಳಿಸುವ ಕನ್ನಡ ಪತ್ರವನ್ನು ಪಿಡಿಎಫ್ ಮಾಡಿಯೇ ಕಳಿಸಿ.

ಆಮೇಲೆ ಲೈವ್ ಯುಎಸ್‌ಬಿ, ಅಂದರೆ ಇನ್‌ಸ್ಟಾಲ್ ಮಾಡದೆಯೇ ಲಿನಕ್ಸ್ ಓಡಿಸಿ ನೋಡುವ ವಿಧಾನ. 8 ಜಿಬಿ ಪೆನ್‌ಡ್ರೈವ್ ಸಾಕು, ಡೌನ್‌ಲೋಡ್ ಮಾಡುವ ಮಿಂಟ್‌ನ ಐಎಸ್‌ಒ ಫೈಲು ಸುಮಾರು 3 ಜಿಬಿ. ಬರೆಯುವ ಮುನ್ನ ಶಾ256 ಚೆಕ್‌ಸಮ್ (ಫೈಲು ಕೆಟ್ಟಿಲ್ಲವೆಂದು ತಿಳಿಸುವ ಸಂಖ್ಯೆ) ತಾಳೆ ನೋಡಿ. ಡೌನ್‌ಲೋಡ್ ನಡುವೆ ಕೆಟ್ಟ ಐಎಸ್‌ಒ ಇನ್‌ಸ್ಟಾಲ್ ಅರ್ಧದಲ್ಲಿ ನಿಲ್ಲಿಸಬಹುದು. ಲೈವ್‌ನಲ್ಲಿ ವೈಫೈ, ಸೌಂಡ್, ಸ್ಲೀಪ್‌ನಿಂದ ಏಳುವುದು, ಪ್ರಿಂಟರ್ ಇಷ್ಟನ್ನೂ ಪರೀಕ್ಷಿಸುವುದು ಬಿಡಬಾರದು. ವೈಫೈ ಕಾಣದಿದ್ದರೆ ಮೊಬೈಲಿನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟು ಡ್ರೈವರ್ ಮ್ಯಾನೇಜರ್ ತೆರೆಯಿರಿ. ಎಚ್‌ಪಿ ಲೇಸರ್‌ಜೆಟ್ 1020 ಥರದವು ಪ್ರತಿ ಸಲ ಆನ್ ಆದಾಗ ಕಂಪ್ಯೂಟರಿನಿಂದ ಫರ್ಮ್‌ವೇರ್ ಪಡೆಯುತ್ತವೆ. ಹಾಗಾಗಿ ಎಚ್‌ಪಿಯ ಲಿನಕ್ಸ್ ಡ್ರೈವರ್ ಎಚ್‌ಪಿಲಿಪ್ ಜೊತೆ ಅದರ ಪ್ಲಗಿನ್ ಹಾಕದಿದ್ದರೆ ಕ್ಯೂನಲ್ಲಿ ಕೆಲಸ ಕಾಣುತ್ತದೆ, ಹಾಳೆ ಹೊರಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ಬಳಸುವುದು ಕ್ಯಾಪ್ಟ್ ಎಂಬ ಬೇರೆ ಭಾಷೆ, ಅದಕ್ಕೆ ಪ್ರತ್ಯೇಕ ಡ್ರೈವರ್ ಬೇಕು.

ಕನ್ನಡದ ಟೈಪಿಂಗ್ ಸುಲಭ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಐಬಸ್-ಎಂ17ಎನ್ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬಂದು, ಕನ್ನಡದಡಿ ಕೆಜಿಪಿ ಸೇರಿಸಿದರೆ ನುಡಿಯ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ. ಲಾಗ್‌ಔಟ್ ಮರೆತವರಿಗೆ ಅದು ಕೆಲಸ ಮಾಡುವುದಿಲ್ಲ. ಲಿಬ್ರೆಆಫೀಸ್‌ನ ಭಾಷಾ ಆಯ್ಕೆಯಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಟಿಕ್ ಮಾಡಿ ಕನ್ನಡ ಆರಿಸಬೇಕು. ಇಂಗ್ಲಿಷಿಗೂ ಕನ್ನಡಕ್ಕೂ ಅದು ಬೇರೆ ಬೇರೆ ಫಾಂಟ್ ಇಟ್ಟುಕೊಳ್ಳುತ್ತದೆ. ಸ್ಟೈಲಿನಲ್ಲಿ ಎರಡನ್ನೂ ಹೊಂದಿಸಿ.

ನಿಜವಾದ ತಲೆನೋವು ಹಳೇ ಆಸ್ಕಿ ಫೈಲುಗಳದ್ದು, ಅಂದರೆ ನುಡಿಯ ಹಳೇ ಫಾಂಟ್‌ಗಳಲ್ಲಿ ಟೈಪಿಸಿದವುಗಳದ್ದು. ನುಡಿಯ ಟಿಟಿಎಫ್ ಫಾಂಟ್ ಮೇಲೆ ಡಬಲ್ ಕ್ಲಿಕ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಓದಬಹುದು, ಪ್ರಿಂಟ್ ತೆಗೆಯಬಹುದು. ತಿದ್ದಲು, ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಆಸ್ಕಿಯಲ್ಲಿ ಕನ್ನಡದ ತುಣುಕುಗಳು ಕೂತಿರುವುದೇ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಆದ್ದರಿಂದ ಇಂಗ್ಲಿಷ್ ಬೆರೆತ ಪ್ಯಾರಾವನ್ನು ಇಡಿಯಾಗಿ ಪರಿವರ್ತಕಕ್ಕೆ ಕೊಟ್ಟರೆ ‘ಆಧಾರ್’ ಪಕ್ಕದ ಇಂಗ್ಲಿಷ್ ಹೆಸರೂ ಅರ್ಥವಿಲ್ಲದ ಕನ್ನಡವಾಗುತ್ತದೆ. ಕನ್ನಡದ ಭಾಗವನ್ನಷ್ಟೇ ಆರಿಸಿ ಕೊಡಿ, ಅರ್ಕಾವತ್ತು ಬಂದ ಕಡೆ ಕಣ್ಣಾಡಿಸಿ. ದಿನ ಬೇಕಾಗುವ ಅರ್ಜಿ ನಮೂನೆಗಳನ್ನು ಮೊದಲು ಮಾಡಿ, ಉಳಿದದ್ದು ಕೇಳಿದಾಗ ಮಾಡಿದರೆ ಸಾಕು.

ಹಳೇ ಡಿಸ್ಕಿಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದಿದ್ದರೆ ಗಾಬರಿ ಬೇಡ. ಲಿನಕ್ಸ್ ಮದರ್‌ಬೋರ್ಡಿನ ಸಮಯವನ್ನು ಯುಟಿಸಿ (ಜಾಗತಿಕ ಸಮಯ) ಎಂದು ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯ ಎಂದು ಓದುತ್ತದೆ. ಇಂಟರ್ನೆಟ್ ಟೈಮ್ ಸಿಂಕ್ ಮಾಡಿದರೆ ಸರಿಹೋಗುತ್ತದೆ.

ಟ್ಯಾಲಿ, ಕೋರಲ್‌ಡ್ರಾ, ಪೇಜ್‌ಮೇಕರ್ ಮೇಲೆ ಹೊಟ್ಟೆಪಾಡು ನಿಂತವರಿಗೆ ಬದಲಾಗಿ ಎಂದು ನಾನು ಹೇಳುವುದಿಲ್ಲ. ಮೂರಕ್ಕೂ ಈಗ ಲಿನಕ್ಸ್ ಆವೃತ್ತಿ ಇಲ್ಲ. ಡಿಜಿಟಲ್ ಸಹಿಯ ಟೋಕನ್ ಬಳಸುವವರು ಅದರ ಲಿನಕ್ಸ್ ಡ್ರೈವರ್ ಇದೆಯೇ, ಪೋರ್ಟಲ್ಲಿನ ಸಹಿ ಮಾಡುವ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಓಡುತ್ತದೆಯೇ ಎಂದು ಎಸ್‌ಎಸ್‌ಡಿ ಕೊಳ್ಳುವ ಮೊದಲೇ ಖಚಿತಪಡಿಸಿಕೊಳ್ಳಬೇಕು.