ಓವರ್‌ಫ್ಲೋ ಬಾಕ್ಸಿನ ಮುಚ್ಚಳ: ಅಕ್ರಿಲಿಕ್ ಬಾಗಿತು, ಫೋಮ್ ಶೀಟ್ ನಿಂತಿತು

ನನ್ನ ನಾಲ್ಕಡಿ ಉಪ್ಪುನೀರಿನ ಮೀನಿನ ಟ್ಯಾಂಕಿನ ಓವರ್‌ಫ್ಲೋ ಬಾಕ್ಸಿಗೆ (ಮೇಲಿನ ನೀರು ಅಂಚಿನ ಹಲ್ಲುಗಳ ಸಂದಿನಿಂದ ಬಂದು ಪೈಪಿಗೆ ಇಳಿಯುವ ಪೆಟ್ಟಿಗೆ) ಮಾಡಿದ ಮುಚ್ಚಳ ಕಾರವಾರದ ಒಂದು ಇಡೀ ಮಳೆಗಾಲ ದಾಟಿದೆ, ಕೂದಲೆಳೆಯಷ್ಟೂ ಬಾಗಿಲ್ಲ. ಪಿವಿಸಿ ಫೋಮ್ ಶೀಟ್ ಅಂದಾಗ ಗೆಳೆಯರೆಲ್ಲ ಬೇಡ ಅಂದಿದ್ದರು. "ಅದು ಅಂಗಡಿ ಬೋರ್ಡ್ ಮಾಡೋ ಸಾಮಾನು ಮಾರಾಯಾ" ಅಂತ ಒಬ್ಬರು. ಮುಚ್ಚಿದರೆ ಗಾಳಿ ಕಟ್ಟಿ ಪೈಪ್ ಗುಳುಗುಳು ಅನ್ನುತ್ತದೆ ಅಂತ ಇನ್ನೊಬ್ಬರು. ಎರಡೂ ಸುಳ್ಳಾಯಿತು.

ಮುಚ್ಚಳ ಯಾಕೆ ಬೇಕು ಅಂತ ಫೈರ್‌ಫಿಶ್ ಸಾಕಿದವರಿಗೆ ಹೇಳಬೇಕಾಗಿಲ್ಲ ಅಲ್ವಾ. ನನ್ನದು ರಾತ್ರಿ ಹಲ್ಲುಗಳ ಮೇಲಿಂದ ಹಾರಿ ಬಾಕ್ಸಿಗೆ ಬೀಳುತ್ತಿತ್ತು. ಟರ್ಬೊ ಬಸವನಹುಳು ಹತ್ತಿ ಇಳಿದು ಪೈಪಿನ ಬಾಯಿಗೇ ಕೂರುತ್ತಿತ್ತು. ಜೊತೆಗೆ ಬಾಕ್ಸಿನಲ್ಲಿ ನೀರು ಬೀಳುವ ಸದ್ದು, ಒಳಗೆ ಕಟ್ಟುವ ಪಾಚಿ.

ಮೊದಲು ಮಾಡಿಸಿದ್ದು 3 ಎಂಎಂ ಕಪ್ಪು ಅಕ್ರಿಲಿಕ್. ಲೇಸರ್ ಕಟಿಂಗ್ ಸೇರಿ ಒಂಬೈನೂರರ ಹತ್ತಿರ ಹೋಯಿತು. ನೋಡಲು ಬಹಳ ಚಂದ. ಎರಡು ಮೂರು ವಾರಕ್ಕೆ ಅಂಚು ಅರ್ಧ ಇಂಚು ಎದ್ದು ನಿಂತಿತು. ಅಕ್ರಿಲಿಕ್ ನೀರು ಕುಡಿಯುತ್ತದೆ. ಕೆಳಗಿನ ಮೈ ಒದ್ದೆ, ಮೇಲಿನದು ಲೈಟಿನ ಬಿಸಿಗೆ ಒಣ, ಕೆಳಭಾಗ ಹಿಗ್ಗಿ ಹಾಳೆ ಬಾಗುತ್ತದೆ. ದಪ್ಪ ಮಾಡಿದರೆ ಸರಿಹೋಗುತ್ತದೆ ಅಂದರು, 5 ಎಂಎಂ ಮಾಡಿಸಿದೆ. ಅದೂ ಬಾಗಿತು, ಸ್ವಲ್ಪ ನಿಧಾನಕ್ಕೆ. ಅಷ್ಟರಲ್ಲಿ ಎರಡು ಸಾವಿರ ದಾಟಿತ್ತು. ಪಾಲಿಕಾರ್ಬೊನೇಟ್ ಇಷ್ಟು ಬಾಗುವುದಿಲ್ಲ, ಆದರೆ ಹುಬ್ಬಳ್ಳಿಯಲ್ಲಿ ವಿಚಾರಿಸಿದರೆ ಸಣ್ಣ ತುಂಡು ಕೊಡಲು ಒಪ್ಪಲಿಲ್ಲ. ಗಾಜು ಬಾಗಲಿಲ್ಲ, ಆದರೆ ಪೈಪಿಗೆ ಮೂಲೆ ಕತ್ತರಿಸುವುದು ಕಷ್ಟ, ಜೊತೆಗೆ ಅಂಚಿಗೆ ಉಪ್ಪು ಕಟ್ಟಿ ಅಂಟಿಕೊಂಡರೆ ಒದ್ದೆ ಕೈಯಲ್ಲಿ ಎತ್ತುವುದು ಅಪಾಯ. ಸೊಳ್ಳೆ ಜಾಲರಿ ಮೀನನ್ನು ತಡೆಯಿತು ಅಷ್ಟೇ. ಸದ್ದು ಹಾಗೇ, ಪಾಚಿ ಹಾಗೇ.

ಪಿವಿಸಿ ನೀರು ಕುಡಿಯುವುದು ತೀರಾ ಕಡಿಮೆ. ಬೋರ್ಡ್ ಅಂಗಡಿಯಲ್ಲಿ 5 ಎಂಎಂ ಕಪ್ಪು ಶೀಟಿನ ಉಳಿದ ತುಂಡು ನೂರೈವತ್ತು ರೂಪಾಯಿಗೆಲ್ಲ ಸಿಕ್ಕಿತು. ಯಾವ ಅಂಗಡಿ ಅಂತ ಹೇಳುವುದಿಲ್ಲ, ಹೇಳಿದರೆ ನನಗೇ ಉಳಿಯುವುದಿಲ್ಲ.

ಅಳತೆಗೆ ರಟ್ಟು ಬೇಡ, ಒದ್ದೆಯಾಗಿ ಮೆತ್ತಗಾಗುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮ್ ಬಾಕ್ಸಿನ ಮೇಲಿಟ್ಟು ಗೀಟು ಹಾಕಿ. ನೀರಿಗೆ ಹೆದರುವುದಿಲ್ಲ, ಪೈಪ್ ಎಲ್ಲಿ ಬರುತ್ತದೆ ಅಂತ ಮೇಲಿಂದಲೇ ಕಾಣುತ್ತದೆ. ಶೀಟನ್ನು ಕಟರಿನಲ್ಲಿ ನಾಲ್ಕೈದು ಸಲ ಗೀರಿ ಮುರಿದರೆ ನೇರ ಬರುತ್ತದೆ. ಅಂಟಿಗೆ ಪ್ಲಂಬರ್ ಬಳಸುವ ಪಿವಿಸಿ ಸಲ್ಯೂಷನ್, ತೆಳುವಾಗಿ. ಆಮೇಲೆ ಒಂದು ವಾರ ಗಾಳಿಗೆ ಇಟ್ಟು, ಬಕೆಟ್ಟಿನಲ್ಲಿ ನೀರು ಬದಲಿಸುತ್ತ ನೆನೆಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಟ್ಯಾಂಕಿಗೆ. ಇದರಲ್ಲಿ ಅವಸರ ಬೇಡವೇ ಬೇಡ.

ನಿಜವಾದ ಕೆಲಸ ಇರುವುದು ಅಂಚಿನಲ್ಲಿ. ಮುಚ್ಚಳ ಗಾಜಿನ ಮೇಲೆ ಚಪ್ಪಟೆಯಾಗಿ ಕೂತರೆ ನಡುವೆ ನೀರು ಹೀರಿಕೊಂಡು ಹೊರಗೆ ಬಂದು ಉಪ್ಪು ಕಟ್ಟುತ್ತದೆ. ಹಾಗಾಗಿ ನಾಲ್ಕು ಪುಟ್ಟ ಕಾಲು ಅಂಟಿಸಿದೆ. ಕೆಳಗೆ ಸುತ್ತಲೂ ಒಂದು ಪಟ್ಟಿ, ಗಾಜಿನಿಂದ 3-4 ಎಂಎಂ ಒಳಗೆ. ಹಂಚಿನ ಮನೆಯ ಸೂರಿನ ಹಾಗೆ, ಹನಿಯೆಲ್ಲ ಆ ಪಟ್ಟಿಗೆ ಇಳಿದು ಬಾಕ್ಸಿನೊಳಗೇ ಬೀಳುತ್ತದೆ. ಕಾಲು ಎತ್ತಿದ ಸಂದಿನಿಂದಲೇ ಗಾಳಿ ಆಡುತ್ತದೆ, ಡರ್ಸೊ ಪೈಪಿನ (ಸದ್ದು ತಗ್ಗಲು ಮೇಲೆ ಗಾಳಿತೂತು ಇರುವ ಇಳಿಪೈಪು) ತೂತಿಗೆ ಮೇಲೆ ಒಂದಿಂಚು ಜಾಗ ಬಿಟ್ಟರೆ ಸಾಕು. ಜೂನ್ ತಿಂಗಳಲ್ಲಿ ನಮ್ಮಲ್ಲಿ ಕರೆಂಟ್ ಹೋಗುವುದು ಬರುವುದು ನಡೆದೇ ಇರುತ್ತದೆ. ಪ್ರತಿ ಸಲ ಪಂಪ್ ಮತ್ತೆ ಶುರುವಾದಾಗ ಗಾಳಿ ಹೊರಗೆ ಬಂದು ನೀರು ತಾನೇ ಹದಕ್ಕೆ ಬಂದಿದೆ. ಮುಂದೆ ಹಲ್ಲುಗಳ ಮೇಲೆ ಬಾಚಣಿಗೆ ಥರ ಒಂದು ಬೇಲಿ ಇದೆ. ಅದರ ಸಂದಿನ ಅಳತೆ ನನ್ನ ಹತ್ತಿರವೇ ಇರಲಿ. ನಿಮ್ಮ ಟ್ಯಾಂಕಿನ ಅತಿ ಸಣ್ಣ ಮೀನನ್ನು ನೋಡಿ ನೀವೇ ಹುಡುಕಿ.

ಸುಮ್ನೆ ಕುತೂಹಲಕ್ಕೆ ಮೊಬೈಲ್ ಆ್ಯಪಿನಲ್ಲಿ ಸದ್ದು ಅಳೆದೆ. ಮೊದಲು ಐವತ್ತು ಡೆಸಿಬೆಲ್ ಮೇಲಿತ್ತು, ಈಗ ನಲವತ್ತೈದರ ಸುತ್ತ. ಮುಚ್ಚಳದ ಕೆಳಗೆ ಸ್ಪಾಂಜ್ ಅಂಟಿಸಿಯೂ ನೋಡಿದೆ, ಸದ್ದು ಇನ್ನೂ ಇಳಿಯಿತು, ಆದರೆ ಕೊಳೆ ಹಿಡಿದು ನಾರತೊಡಗಿತು, ಕಿತ್ತು ಹಾಕಿದೆ. ಬಾಕ್ಸ್ ಒಳಗೆ ಪಾಚಿ ಕಟ್ಟುವುದು ನಿಂತಿದೆ. ನೀರು ಆವಿಯಾಗುವುದು ಮಾತ್ರ ಇದರಿಂದ ಕಡಿಮೆಯಾಗುವುದಿಲ್ಲ, ಅದಕ್ಕೆ ಇಡೀ ಟ್ಯಾಂಕ್ ಮುಚ್ಚಬೇಕು.

ಹಿಂಜ್, ಸ್ಕ್ರೂ ಏನೂ ಹಾಕಬೇಡಿ. ನಮ್ಮ ಊರಿನ ಗಾಳಿಗೆ ಸ್ಟೀಲ್ ಅಂತ ಕೊಟ್ಟದ್ದೂ ತುಕ್ಕು ಹಿಡಿಯುತ್ತದೆ, ಅದು ಟ್ಯಾಂಕಿಗೆ ಇಳಿಯಬಾರದು. ಎತ್ತಲು ಒಂದು ಪಿವಿಸಿ ಪೈಪಿನ ಚೂರು ಸಾಕು. ವಾರಕ್ಕೊಮ್ಮೆ ನಲ್ಲಿ ನೀರಿನಲ್ಲಿ ಉಪ್ಪು ತೊಳೆಯಿರಿ. ಬಿಸಿನೀರು ಬೇಡ, ಶೀಟ್ ಮೆತ್ತಗಾಗುತ್ತದೆ. ಸಲ್ಯೂಷನ್, ಕಟರ್ ಬ್ಲೇಡ್ ಎಲ್ಲ ಸೇರಿ ಮುನ್ನೂರರ ಒಳಗೆ ಮುಗಿಯಿತು. ಬೋರ್ಡಿನ ಸಾಮಾನು ಅಂದವರಿಗೂ ಈಗ ಒಂದು ಮಾಡುತ್ತಿದ್ದೇನೆ. ಅವರ ಬಾಕ್ಸ್ ಮೂಲೆಯದು, ತ್ರಿಕೋನ. ಹಾಗಾಗಿ ಕಾಲು ಮೂರೇ ಬರುತ್ತವೆ.